ಮಾತಿನ ಮದುವೆ

೧೮೬೮, ಏಪ್ರಿಲ್ ೯, ಗುರುವಾರ
ಡನೀಡಿನ್

ಕೊನೆಗೂ ಒಪ್ಪಿಕೊಂಡರು. ಬೇಡ ಬೇಡ ಎನ್ನುತ್ತಲೇ ಊರಿನ ಗಣ್ಯರನ್ನೆಲ್ಲ ವಾರಗಟ್ಟಲೆ ಹಿಂದೆ ಸುತ್ತಿಸಿಕೊಂಡು, ಇವತ್ತು ಸಂಜೆ ನಮ್ಮ ಹಜಾರದಲ್ಲೇ "ಜನ ಬಯಸಿದ ಮೇಲೆ ಇಲ್ಲ ಅನ್ನೋಕೆ ನಾನ್ಯಾರು?" ಎಂದುಬಿಟ್ಟರು. ಇವರು ಪ್ರಾಂತ್ಯ ಸಭೆಯ ಚುನಾವಣೆಗೆ ನಿಲ್ಲುತ್ತಾರೆ. ಗೆದ್ದರೆ ಮಂತ್ರಿಗಿರಿ ಕಟ್ಟಿಟ್ಟ ಬುತ್ತಿಯಂತೆ. ಬಂದವರು ವ್ಹಿಸ್ಕಿ ಕುಡಿದು, ಜಮಖಾನಕ್ಕೆ ಬೂಟಿನ ಕೆಸರು ಒರೆಸಿ, ನನ್ನ ಕೈಯನ್ನೂ ಕುಲುಕಿ ಹೋದರು.

ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಎಡಿನ್‌ಬರೋದಲ್ಲಿ ಕಾನೂನು ಓದಿ ಒಂದೇ ಪೆಟ್ಟಿಗೆ ಹಿಡಿದು ಸ್ಕಾಟ್ಲೆಂಡಿನಿಂದ ಕಡಲಾಚೆಯ ಈ ವಸಾಹತು ದೇಶಕ್ಕೆ ಬಂದವರು. ಒಳನಾಡಿನಲ್ಲಿ ನನ್ನಪ್ಪ ನಡೆಸುತ್ತಿದ್ದ ತಂಗುಮನೆಯ ಒಲೆಯ ಪಕ್ಕ ಕೂತು ಕುರಿ ಕಾಯುವವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಆ ಲಾಕ್ಲನ್ ಕಿನಿಯರ್ ಇವತ್ತು ಎಲ್ಲಿ ಬಂದು ನಿಂತರು! ನನ್ನಂಥವಳಿಗೆ ಇಂಥವರು ಸಿಕ್ಕಿದ್ದು ದೇವರ ದಯೆ.

ಊಟಕ್ಕೆ ಕೂತಾಗ ಇನ್ನೊಂದು ಮಾತು ಹೇಳಿದರು.

"ಜೂನ್‌ನಲ್ಲಿ ಹಡಗು ಹೊರಡುತ್ತೆ. ಕರ್ಸ್ಟೀನ ಎಡಿನ್‌ಬರೋಗೆ ಕಳಿಸೋಣ. ನಮ್ಮಕ್ಕ ನೋಡ್ಕೋತಾಳೆ. ಮಂತ್ರಿ ಮಗಳು ಹೀಗೆ ಕೆಸರಲ್ಲಿ ಕುಣ್ಕೊಂಡು ಬೆಳೆದ್ರೆ ಆಗುತ್ತಾ?"

"ವಾಪಸ್ ಯಾವಾಗ ಬರ್ತಾಳೆ?"

"ಓದು ಮುಗಿದ ಮೇಲೆ."

ಕರ್ಸ್ಟಿಗೆ ಒಂಬತ್ತು. ಮೂವರು ಹುಟ್ಟಿದರು. ಇಬ್ಬರು ಗುಡ್ಡದ ಮೇಲಿನ ಸ್ಮಶಾನದಲ್ಲಿ ಮಲಗಿದ್ದಾರೆ. ಉಳಿದವಳು ಇವಳೊಬ್ಬಳೇ. ನಾನು ಆಲೂಗಡ್ಡೆ ಬಡಿಸಿದೆ. ಇವರಿಗೆ ನನಗಿಂತ ಹೆಚ್ಚು ತಿಳಿದಿರುತ್ತದೆ.

ಏಪ್ರಿಲ್ ೧೪, ಮಂಗಳವಾರ

ಧೈರ್ಯ ಮಾಡಿ ಕೇಳಿದೆ. ಇನ್ನೆರಡು ವರ್ಷ ಬಿಟ್ಟು ಕಳಿಸಬಾರದೇ ಎಂದೆ. ಇವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆನೋ ಏನೋ. ಕಕ್ಷಿದಾರರಿಗೆ ಹೇಳುವಂತೆ ಮೆತ್ತಗೆ ಹೇಳಿದರು.

"ಐಸೊಬೆಲ್, ಮಗು ಎಲ್ಲಿರಬೇಕು ಅಂತ ತೀರ್ಮಾನ ಮಾಡೋದು ತಂದೆ. ನಾನು ಹೇಳ್ತಿರೋದಲ್ಲ, ಕಾನೂನೇ ಹಾಗಿದೆ. ನೀನು ಸುಮ್ನೆ ಅತ್ತು ಅವಳ ಮನಸ್ಸು ಕೆಡಿಸಬೇಡ."

ಹಡಗಿನ ಪ್ರಯಾಣಕ್ಕೆ ಫ್ಲಾನೆಲ್ ಲಂಗ ಹೊಲಿಯಲು ಕೂತೆ. ಉದ್ದ ಎಷ್ಟು ಬಿಡಲಿ? ತಲುಪುವಷ್ಟರಲ್ಲೇ ಬೆಳೆದಿರುತ್ತಾಳೆ. ಆಮೇಲೆ ಎಷ್ಟು ಬೆಳೆದಳೆಂದು ನನಗೆ ಗೊತ್ತೂ ಆಗುವುದಿಲ್ಲ. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿದೆ.

ಏಪ್ರಿಲ್ ೨೭, ಸೋಮವಾರ

ಹಿತ್ತಲ ಬಾಗಿಲಿಗೆ ಜೀನ್ ರೀಕಿ ಬಂದಿದ್ದಳು. ಚಿನ್ನದ ಹೊಳೆಯಲ್ಲಿ ಮಣ್ಣು ಕುಸಿದು ಸತ್ತನಲ್ಲ, ಸ್ಯಾಂಡಿ ರೀಕಿ, ಅವನ ಹೆಂಡತಿ. ಕಂಕುಳಲ್ಲಿ ಗಂಡುಕೂಸು. ಸ್ಯಾಂಡಿಯ ಅಣ್ಣ ಕುದುರೆ ಲಾಯ ಇಟ್ಟವನು. ಅವನು ಗುಡಿಸಲು, ಗಣಿ ಎಲ್ಲ ತನ್ನದೆಂದು ದಾವೆ ಹೂಡಿದ್ದಾನೆ. ಜೀನ್‌ಗೂ ಸ್ಯಾಂಡಿಗೂ ಮದುವೆಯೇ ಆಗಿಲ್ಲವಂತೆ. ಅಣ್ಣನ ವಕೀಲರು ನಮ್ಮವರೇ.

"ಇಬ್ರು ಸಾಕ್ಷಿ ಮುಂದೆ ಕೈ ಹಿಡ್ಕೊಂಡು ಮಾತು ಕೊಟ್ಟಿದೀವಮ್ಮಾ. ನಮ್ ದೇಶದಲ್ಲಿ ಅಷ್ಟು ಸಾಕಲ್ವಾ? ಸಾಹೇಬ್ರಿಗೆ ಒಂದ್ ಮಾತು ಹೇಳಿ. ಅವ್ರೂ ನಮ್ ಕಡೆಯವ್ರೇ, ಅವ್ರಿಗೆ ಗೊತ್ತಿರುತ್ತೆ."

ನಮ್ಮಲ್ಲಿ ಅದು ಮದುವೆಯೇ, ಇದರಲ್ಲಿ ಕೇಳುವುದೇನಿದೆ ಎಂದೆ. ರೊಟ್ಟಿ ಕೊಟ್ಟು ಕಳಿಸಿದೆ. ಇವರಿಗೆ ಹೇಳಿದರೆ "ಲಾಯದವನ ಕೈಲಿ ಗಣಿಯವರ ಮತಗಳಿವೆ" ಎಂದಷ್ಟೇ ಹೇಳಿ ಪತ್ರಿಕೆ ಬಿಡಿಸಿದರು.

ಮೇ ೫, ಮಂಗಳವಾರ

ನ್ಯಾಯಾಲಯಕ್ಕೆ ಹೋಗಿದ್ದೆ. ತಾವು ವಾದಿಸುವಾಗ ನಾನು ಮೇಲಿನ ಸಾಲಿನಲ್ಲಿ ಕೂತಿರುವುದು ಇವರಿಗೆ ಇಷ್ಟ. ನೀಲಿ ಟೊಪ್ಪಿಗೆ ಹಾಕಿಕೊಂಡು ಕೂತಿದ್ದೆ.

ಎಷ್ಟು ಚೆನ್ನಾಗಿ ಮಾತಾಡಿದರು! ಅದನ್ನು ಮೊದಲು ಬರೆಯುತ್ತೇನೆ, ಉಳಿದದ್ದು ಬರೆಯಲು ಕೈ ಏಳುತ್ತಿಲ್ಲ.

"ಮಾನ್ಯರೇ, ಸ್ಕಾಟ್ಲೆಂಡಿನಲ್ಲಿ ಗಂಡು ಹೆಣ್ಣು ಸಾಕ್ಷಿಗಳ ಮುಂದೆ ಒಬ್ಬರನ್ನೊಬ್ಬರು ಒಪ್ಪಿಕೊಂಡೆವು ಎಂದರೆ ಮದುವೆ ಆದಂತೆ. ಅದೇ ನಂಬಿಕೆಯಲ್ಲಿ ನಮ್ಮ ಸರಳ ಜನ ಇಲ್ಲಿಯೂ ಹಾಗೆಯೇ ಮಾಡುತ್ತಾರೆ. ಆದರೆ ಆ ಕಾನೂನು ಅವರ ಜೊತೆ ಹಡಗು ಹತ್ತಿ ಬಂದಿಲ್ಲ. ಇಲ್ಲಿ ಪಾದ್ರಿ ಬೇಕು, ಇಲ್ಲವೇ ಸರ್ಕಾರದ ನೋಂದಣಿ ಬೇಕು. ಎರಡೂ ಇಲ್ಲದ ಮೇಲೆ ಈ ಹೆಂಗಸು ಹೆಂಡತಿಯಲ್ಲ. ಈ ಮಗುವಿಗೆ ಕಾನೂನಿನ ಕಣ್ಣಿನಲ್ಲಿ ತಂದೆಯಿಲ್ಲ. ತಂದೆಯ ಕಡೆಯಿಂದ ಅದಕ್ಕೆ ಬರಬೇಕಾದ್ದೂ ಇಲ್ಲ, ತಂದೆಯ ಕಡೆಯವರಿಗೆ ಅದರ ಮೇಲೆ ಹಕ್ಕೂ ಇಲ್ಲ. ಅದು ತಾಯಿಯದು, ತಾಯಿಯದು ಮಾತ್ರ."

ನ್ಯಾಯಾಧೀಶರು ತಲೆಯಾಡಿಸಿದರು. ತೀರ್ಪು ನಮ್ಮವರ ಕಡೆಗೇ ಆಯಿತು. ಜೀನ್ ತಿರುಗಿ ಮೇಲೆ ನನ್ನತ್ತ ನೋಡಿದಳು. ನಾನು ಟೊಪ್ಪಿಗೆಯ ದಾರ ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸಿದೆ.

ನನ್ನ ಮದುವೆಯಾದದ್ದು ಅಪ್ಪನ ತಂಗುಮನೆಯ ಅಡುಗೆಕೋಣೆಯಲ್ಲಿ. ನದಿ ತುಂಬಿ ಪಾದ್ರಿ ಆಚೆ ದಡದಲ್ಲೇ ಉಳಿದಿದ್ದರು. ಅಪ್ಪನ ಮನೆಯ ಅಡುಗೆಯವಳು ಬೀನಿ ಏಪ್ರನ್ ಕಟ್ಟಿಕೊಂಡೇ ನಿಂತಿದ್ದಳು, ಅಪ್ಪ ನಿಂತಿದ್ದ. ಇವರು ನನ್ನ ಕೈ ಹಿಡಿದು "ಇವಳು ನನ್ನ ಹೆಂಡತಿ" ಎಂದರು, ನಾನು "ಇವರು ನನ್ನ ಗಂಡ" ಎಂದೆ. ನೀರು ಇಳಿದ ಮೇಲೆ ಪಾದ್ರಿಯನ್ನು ಕರೆಸೋಣವೇ ಎಂದು ಅಪ್ಪ ಕೇಳಿದ್ದಕ್ಕೆ ಇವರು ನಕ್ಕು, "ಯಾಕೆ? ಕಾನೂನು ಓದಿರೋದು ನಾನಾ, ಪಾದ್ರಿನಾ?" ಎಂದಿದ್ದರು. ನಾವೆಲ್ಲ ನಕ್ಕಿದ್ದೆವು.

ಸಂಜೆ ಇವರು ಕುರಿಮಾಂಸ ಚೆನ್ನಾಗಿ ಊಟ ಮಾಡಿದರು. ನನ್ನ ಮುಖ ನೋಡಲಿಲ್ಲ.

ಮೇ ೬, ಬುಧವಾರ

ಕೇಳಿದೆ. ಇವರಿಗೆ ಗೊತ್ತಿತ್ತು. ವರ್ಷಗಳಿಂದ ಗೊತ್ತಿತ್ತು.

"ಯಾಕ್ರೀ ಹೇಳಲಿಲ್ಲ?"

"ಹೇಳಿ ನಿನಗೆ ನೋವು ಕೊಡಬೇಕಿತ್ತಾ? ನೀನು ಚೆನ್ನಾಗಿದ್ದೆ. ಹಾಗೇ ಇರಲಿ ಅಂತ ಬಿಟ್ಟೆ."

ದಕ್ಷಿಣದ ಬಂದರಿನಲ್ಲಿ ಪರಿಚಯದ ಪಾದ್ರಿಯೊಬ್ಬರಿದ್ದಾರಂತೆ. ಬಾಯಿ ಬಿಡುವವರಲ್ಲವಂತೆ. ಇಗರ್ಜಿಯಲ್ಲಿ ಪ್ರಭುವಿನ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಭಾನುವಾರ ಕಳೆದ ಮೇಲೆ, ಗಾಳಿ ಬದಲಾವಣೆಗೆಂದು ಹೇಳಿ ನಾವಿಬ್ಬರೂ ಹೋಗಿ ಮದುವೆ ಮಾಡಿಕೊಂಡು ಬರುವುದಂತೆ.

"ಹಾಗಾದರೆ ಕರ್ಸ್ಟಿ?"

"ನಮ್ಮ ದೇಶದಲ್ಲಾಗಿದ್ದರೆ ಆಮೇಲಿನ ಮದುವೆಯಿಂದ ಮಗುವೂ ಸಕ್ರಮ ಆಗ್ತಿತ್ತು. ಇಲ್ಲಿ ಆಗಲ್ಲ. ಆದರೆ ಯಾರಿಗೆ ಗೊತ್ತಾಗುತ್ತೆ?"

"ನೀವು ಮಂತ್ರಿ ಆಗ್ತೀರಲ್ಲ, ಅದಕ್ಕೊಂದು ಕಾನೂನು ತರೋಕೆ ಆಗಲ್ವಾ? ಜೀನ್ ಮಗೂಗೂ ಆಗುತ್ತೆ."

"ಯಾರಾದರೂ ತರಲಿ. ನಾನು ತಂದರೆ, ಇವನಿಗ್ಯಾಕೆ ಇದರ ಚಿಂತೆ ಅಂತ ಜನ ಕೇಳ್ತಾರೆ."

ಮೇ ೭

ಏನೂ ಮಾಡಲಿಲ್ಲ. ಮಳೆ.

ಮೇ ೧೩, ಬುಧವಾರ

ಬೀನಿಗೆ ಹೇಳಿದೆ. ಅಪ್ಪ ಹೋದ ಮೇಲೆ ಆ ದಿನಕ್ಕೆ ಉಳಿದಿರುವ ಸಾಕ್ಷಿ ಅವಳೊಬ್ಬಳೇ, ಈಗಲೂ ನನ್ನ ಅಡುಗೆಮನೆಯಲ್ಲೇ ಇದ್ದಾಳೆ. ಅವಳು ಓಟ್ಸ್ ಗಂಜಿ ತಿರುವುವುದನ್ನು ನಿಲ್ಲಿಸಲೂ ಇಲ್ಲ.

"ನಾನೇ ಕಣ್ಣಾರೆ ನೋಡಿದೀನಿ ಕಣೇ. ನನ್ ಕಣ್ಣಿಗೇನು ಹಡಗಲ್ಲಿ ಬರೋವಾಗ ಬೆಲೆ ಕಡಿಮೆ ಆಯ್ತಾ?"

"ಕಾನೂನು ಹಾಗಂತೆ ಬೀನಿ."

"ಹಂಗಾದ್ರೆ ಇಷ್ಟು ವರ್ಷ ನೀನು ಆ ಮನುಷ್ಯನ ಕಾಲುಚೀಲ ಹೊಲ್ದಿದ್ದು ಯಾವ ಲೆಕ್ಕಕ್ಕೆ? ನನಗಾದ್ರೂ ಸಂಬಳ ಇತ್ತು."

ನಗು ಬಂತು. ನಗುತ್ತಲೇ ಅಳುವೂ ಬಂತು. ಅವಳು ಸೌಟು ಬಿಟ್ಟು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಗಂಜಿ ತಳ ಹಿಡಿಯಿತು. ಲಾಕ್ಲನ್ ಅದನ್ನು ತಿಂದು ಮುಖ ಗಂಟಿಕ್ಕಿದರು.

ಮೇ ೧೮, ಸೋಮವಾರ

ಒಳನಾಡಿನ ಗಾಡಿ ನಿಲ್ಲುವಲ್ಲಿ ಜೀನ್ ಕಂಡಳು. ಗುಡಿಸಲು ಖಾಲಿ ಮಾಡಿಸಿದ್ದಾರೆ. ಯಾವುದೋ ಕುರಿ ಹಟ್ಟಿಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೊರಟಿದ್ದಳು. ನನ್ನನ್ನು ಕಂಡು ಉಗಿಯುತ್ತಾಳೆ ಅಂದುಕೊಂಡೆ. ಹತ್ತಿರ ಹೋಗಿ ಕೂಸಿಗೆ ಕರ್ಸ್ಟಿಯ ಹಳೆಯ ಶಾಲು ಕೊಟ್ಟೆ. ತೆಗೆದುಕೊಂಡಳು.

"ಎಲ್ಲಾ ಹೋಯ್ತಮ್ಮಾ. ಆದ್ರೆ ಇವನು ಉಳ್ಕೊಂಡ. ದೊಡ್ಡೋನಾದ್ಮೇಲೆ ಲಾಯಕ್ಕೆ ಆಗ್ತಾನೆ, ನಮ್ ವಂಶದ ಕುಡಿ, ಇವನನ್ನ ನಮಗೆ ಕೊಡು ಅಂತ ಆ ಅಣ್ಣ ಬಂದಿದ್ದ. ಕೊಡಲ್ಲ ಹೋಗು ಅಂದೆ. ನಿಮ್ ಸಾಹೇಬ್ರೇ ಕೋರ್ಟಲ್ಲಿ ಹೇಳಿದ್ರಲ್ಲ, ಕೂಸು ತಾಯಿದು ಮಾತ್ರ ಅಂತ? ಅವನ ವಕೀಲನ ಬಾಯಿಂದಾನೇ ಬಂದಿದ್ದು. ಏನ್ ಮಾಡ್ತಾನೆ?"

ಗಾಡಿ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಮೀನು ತರಬೇಕಿತ್ತು, ಮರೆತುಬಂದೆ. ಕಾನೂನು ನನಗೆ ತಿಳಿಯುವ ವಿಷಯವಲ್ಲ.

ಮೇ ೨೧, ಗುರುವಾರ

ಪೆಟ್ಟಿಗೆ ಕಟ್ಟುತ್ತಿದ್ದೇವೆ. ಕರ್ಸ್ಟಿಗೆ ಸಂಭ್ರಮವೋ ಸಂಭ್ರಮ. ಕನ್ನಡಿ ಮುಂದೆ ಎಡಿನ್‌ಬರೋ ಹುಡುಗಿಯರ ಹಾಗೆ ಮೊಣಕಾಲು ಬಗ್ಗಿಸಿ ವಂದಿಸುವುದನ್ನು ಅಭ್ಯಾಸ ಮಾಡುತ್ತಾಳೆ. ಹಡಗಿನಲ್ಲಿ ನಾನೂ ಬರುತ್ತೇನೆಂದೇ ಅವಳು ತಿಳಿದಿದ್ದಳು. ಇಲ್ಲ ಎಂದಾಗ ಕನ್ನಡಿ ಬಿಟ್ಟು ತಿರುಗಿ, "ಹಾಗಾದ್ರೆ ನನ್ನ ಜಡೆ ಯಾರು ಹೆಣೀತಾರೆ?" ಎಂದಳು.

ಸಂಜೆ ಲಾಕ್ಲನ್ ಕೋಣೆಗೆ ಹೋದೆ.

"ನೀವು ಹೇಳಿದ ಪಾದ್ರಿ ಹತ್ರ ಬರ್ತೀನಿ. ಎಲ್ಲಿ ಕೈ ಹಾಕು ಅಂತೀರೋ ಅಲ್ಲಿ ರುಜು ಹಾಕ್ತೀನಿ. ಕರ್ಸ್ಟೀನ ಇಲ್ಲೇ ಬಿಡಿ."

ಲೇಖನಿ ಕೆಳಗಿಟ್ಟು ನನ್ನನ್ನು ನೋಡಿದರು. ಎದುರು ಪಕ್ಷದ ವಕೀಲನನ್ನು ನೋಡುವ ನೋಟ ಅದು. ನನಗೆ ಗೊತ್ತು, ಮೇಲಿನ ಸಾಲಿನಿಂದ ಎಷ್ಟೋ ಸಲ ನೋಡಿದ್ದೇನೆ.

"ಮದುವೇನ ಚೌಕಾಸಿಗೆ ಇಡ್ತಿದೀಯಾ? ಇಷ್ಟು ವರ್ಷ ನನ್ನ ಹೆಸರಿನ ನೆರಳಲ್ಲಿ ಬದುಕಿದೀಯ, ಐಸೊಬೆಲ್. ಅದನ್ನ ಶಾಶ್ವತ ಮಾಡಿಕೊಡ್ತೀನಿ ಅಂದ್ರೆ ಕೃತಜ್ಞತೆ ಇರಬೇಕು. ಕರ್ಸ್ಟಿ ಹೋಗ್ತಾಳೆ. ಆ ಮಾತು ಮುಗೀತು."

ಆ ಮಾತು ಮುಗಿಯಿತು. ಬಂದು ಅವಳ ಜಡೆ ಬಿಚ್ಚಿ, ಬಾಚಿ, ಮತ್ತೆ ಹೆಣೆದೆ. ಗಟ್ಟಿಯಾಗಿ ಎಳೆದೆನೆಂದು ಗೊಣಗಿದಳು.

ಮೇ ೩೦, ಶನಿವಾರ

ಬೀನಿಯ ತಂಗಿಯ ಮನೆ

ಮೇಣದಬತ್ತಿ ಮುಗಿಯುತ್ತ ಬಂದಿದೆ. ಆದರೂ ಬರೆಯಬೇಕು.

ನಾಳೆ ಪ್ರಭುಭೋಜನ. ಇವತ್ತು ಇಗರ್ಜಿಯಲ್ಲಿ ಬಿಲ್ಲೆ ಹಂಚುವ ದಿನ. ಯೋಗ್ಯರೆನಿಸಿದವರಿಗೆ ಸಭೆಯ ಹಿರಿಯರು ಒಂದೊಂದು ಸೀಸದ ಬಿಲ್ಲೆ ಕೊಡುತ್ತಾರೆ. ಅದಿಲ್ಲದೆ ನಾಳೆ ಪ್ರಭುವಿನ ಮೇಜಿಗೆ ಕೂರುವಂತಿಲ್ಲ. ಊರಿಗೆ ಊರೇ ಸಾಲಾಗಿ ಹೋಗಿ ಕೈ ಚಾಚುತ್ತದೆ. ಚುನಾವಣೆ ಹತ್ತಿರ ಬಂದಿದೆ, ಲಾಕ್ಲನ್ ಮುಂದಿನ ಪೀಠದಲ್ಲೇ ಕೂತಿದ್ದ. ಮುಂದೆ ನಡೆದು ಬಿಲ್ಲೆ ತೆಗೆದುಕೊಂಡ. ಹಿಂದೆ ನಾನು.

ಪೀಪಾಯಿ ಮಾಡುವ ಟುಲಕ್ ಹಿರಿಯರು ನನ್ನ ಮುಂದೆ ಬಿಲ್ಲೆ ಹಿಡಿದರು. ನಾನು ಕೈ ಚಾಚಲಿಲ್ಲ.

"ತಗೊಳಮ್ಮಾ," ಎಂದರು.

"ನಾನಿದನ್ನ ತಗೊಳ್ಳೋ ಹಾಗಿಲ್ಲ, ಟುಲಕ್ ಅವರೇ. ನನಗೆ ಮದುವೆ ಆಗಿಲ್ಲ."

ನನ್ನ ದನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಸಾಲು ಅಲ್ಲೇ ನಿಂತಿತು. ಟುಲಕ್ ಪಾಪ, ಬಿಸಿ ಕೆಂಡ ಹಿಡಿದವರಂತೆ ಬಿಲ್ಲೆಯನ್ನು ಅಂಗೈಯಲ್ಲಿ ಅತ್ತಿತ್ತ ಮಾಡಿದರು.

"ಏನಮ್ಮಾ ನೀನು ಹೇಳ್ತಿರೋದು? ಮೈ ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ನಮ್ಮದು ಮಾತಿನ ಮದುವೆ. ಈ ದೇಶದಲ್ಲೇ ಆಗಿದ್ದು. ಪಾದ್ರಿ ಇರಲಿಲ್ಲ, ನೋಂದಣಿ ಇಲ್ಲ. ಅದು ಮದುವೆಯೇ ಅಲ್ಲ ಅಂತ ಕಿನಿಯರ್ ಅವರೇ ನ್ಯಾಯಾಲಯದಲ್ಲಿ ತೋರಿಸಿಕೊಟ್ಟಿದಾರೆ. ನಾನು ಅವರ ಹೆಂಡತಿಯಲ್ಲ. ಕರ್ಸ್ಟಿ ನನ್ನ ಮಗಳು, ನನ್ನವಳು ಮಾತ್ರ."

ಯಾರೋ ಹೆಂಗಸು "ಅಯ್ಯೋ ದೇವರೇ" ಎಂದಳು. ಲಾಕ್ಲನ್ ತಿರುಗಿ ಬಂದ. ಅವನ ಮುಖ ಸುಣ್ಣದಂತಾಗಿತ್ತು. ಕೈಯಲ್ಲಿ ಬಿಲ್ಲೆ ಹಾಗೇ ಇತ್ತು.

"ಐಸೊಬೆಲ್, ಮನೆಗೆ ನಡಿ," ಎಂದ, ಮೆಲ್ಲಗೆ.

"ಯಾರ ಮನೆಗೆ?" ಎಂದೆ.

ಟುಲಕ್ ಹಿರಿಯರು ಅವನ ಮುಂದೆ ಅಂಗೈ ಚಾಚಿದರು. ಅವನು ತನ್ನ ಬಿಲ್ಲೆಯನ್ನು ಆ ಕೈಯಲ್ಲಿಟ್ಟ.

ಪಾಪ ಅನ್ನಿಸಿತು. ಅದನ್ನೂ ಬರೆಯುತ್ತೇನೆ. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ನಕ್ಕ ಹುಡುಗ ಒಂದು ಕ್ಷಣ ಆ ಮುಖದಲ್ಲಿ ಕಂಡ. ಆದರೂ ನಾನು ಹಿತ್ತಲಲ್ಲಿ ಆಡುತ್ತಿದ್ದ ಕರ್ಸ್ಟಿಯನ್ನು ಕರೆದುಕೊಂಡು, ಪೆಟ್ಟಿಗೆ ಹೊತ್ತ ಬೀನಿಯ ಜೊತೆ ಇಲ್ಲಿಗೆ ಬಂದೆ. ದಾರಿಯಲ್ಲಿ ಇಬ್ಬರು ಹೆಂಗಸರು ನನ್ನನ್ನು ಕಂಡು ರಸ್ತೆ ದಾಟಿ ಆಚೆ ಹೋದರು. ಒಬ್ಬಳ ಬಾಣಂತನಕ್ಕೆ ನಾನು ಹೋಗಿದ್ದೆ.

ಜೂನ್ ೫, ಶುಕ್ರವಾರ

ನಿನ್ನೆ ಚುನಾವಣೆಯ ಹಲಗೆ ಕಟ್ಟೆಯ ಮೇಲೆ ಉಮೇದುವಾರರ ಹೆಸರು ಕೂಗಿ, ಒಪ್ಪುವವರು ಕೈ ಎತ್ತಿ ಎಂದರಂತೆ. ಲಾಕ್ಲನ್ ಕಿನಿಯರ್ ಎಂದಾಗ ಎತ್ತಿದ ಕೈಗಳಿಗಿಂತ ನಗು ಹೆಚ್ಚಿತ್ತಂತೆ. ಲಾಯದವನೇ ಮೊದಲು ನಕ್ಕನಂತೆ. ಬೀನಿ ಇದನ್ನು ಖುಷಿಯಾಗಿ ಹೇಳಲು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದಳು.

ಇವತ್ತು ಅವನು ಬಂದಿದ್ದ. ಬಾಗಿಲಲ್ಲಿ ಟೋಪಿ ಕೈಲಿ ಹಿಡಿದು ನಿಂತ. ಬೀನಿಯ ತಂಗಿ ಕೋಳಿಗಳನ್ನು ಅವನ ಕಾಲ ಸಂದಿಯಿಂದಲೇ ಓಡಿಸಿದಳು.

"ನಮ್ಮ ಮದುವೆ ಸಿಂಧು ಅಂತ ವಾದಿಸಬಹುದು," ಎಂದ. "ಇಷ್ಟು ವರ್ಷದ ಸಂಸಾರ, ಊರಿಗೆಲ್ಲ ಗೊತ್ತಿದ್ದದ್ದು. ದಾರಿ ಇದೆ."

"ವಾದಿಸಿ. ಆದ್ರೆ ಮೊದಲು ಜೀನ್ ರೀಕಿಗೆ ಆ ದಾರಿ ತೋರಿಸಿ, ಆಮೇಲೆ ನನಗೆ."

ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. ಆಮೇಲೆ, "ಇದರಿಂದ ನಿನಗೇನು ಸಿಕ್ತು? ಕರ್ಸ್ಟಿಗೇನು ಸಿಕ್ತು? ಶಾಲೆಯಲ್ಲಿ ಅವಳನ್ನ ಏನಂತ ಕರೀತಾರೆ ಗೊತ್ತಾ?"

ಗೊತ್ತು. ಮೊದಲ ದಿನವೇ ಗೊತ್ತಾಯಿತು.

"ಅವಳನ್ನ ಒಂದ್ಸಲ ನೋಡಬಹುದಾ?" ಎಂದು ಕೇಳಿದ. ಕೇಳಿದ, ಅಪ್ಪಣೆ ಕೇಳುವವರಂತೆ. ಕತ್ತಲಾಗುವ ಮೊದಲು ಕರೆದುಕೊಂಡು ಬನ್ನಿ ಎಂದೆ. ಇಬ್ಬರೂ ಸಮುದ್ರದ ಕಡೆ ನಡೆದುಹೋದರು. ಬಂದರಿನಲ್ಲಿ ಹಡಗು ನಿಂತಿದೆ ಎಂಬುದು ಅವರು ತಿರುವು ದಾಟಿದ ಮೇಲೆ ನೆನಪಾಯಿತು. ಆಮೇಲೆ ನಾನು ಹೇಗೆ ಹೊತ್ತು ಕಳೆದೆ ಎಂದು ಬರೆಯುವುದಿಲ್ಲ.

ಕರೆತಂದು ಬಿಟ್ಟ.

ಜೂನ್ ೧೦, ಬುಧವಾರ

ಬೆಳಿಗ್ಗೆ ಹಡಗು ಹೊರಟಿತು. ಹೊಲಿಗೆ ಕೆಲಸ ಕೇಳಲು ನಾಲ್ಕು ಮನೆ ಸುತ್ತಿದೆ. ಮೂರು ಕಡೆ ಬಾಗಿಲಲ್ಲೇ ಕಳಿಸಿದರು. ಒಂದು ಕಡೆ, ಮುಖ ನೋಡದೆ, ಅಂಗಿಗಳ ಗಂಟು ಕೊಟ್ಟರು. ನನ್ನ ಹೆಸರು ಕೇಳಿದಾಗ ಅಪ್ಪನ ಮನೆ ಹೆಸರು ಹೇಳಿದೆ, ನಾಲಿಗೆ ತಡವರಿಸಿತು.

ಮನೆಗೆ ಬಂದರೆ ಕರ್ಸ್ಟಿ ಇಲ್ಲ. ಗುಡ್ಡದ ಮೇಲೆ ಸಿಕ್ಕಳು. ತಮ್ಮಂದಿರ ಸಮಾಧಿಯ ಕಲ್ಲಿನ ಮೇಲೆ ಕೂತು, ಹಡಗು ಬಂದರಿನ ಬಾಯಿ ದಾಟುವುದನ್ನು ನೋಡುತ್ತಿದ್ದಳು. ಇಗರ್ಜಿಯ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದವಳು ಇವತ್ತು ಬಾಯಿ ತೆರೆದಳು.

"ನೀನು ಅಪ್ಪನಿಗೆ ಎಲ್ಲರ ಮುಂದೆ ಅವಮಾನ ಮಾಡಿದೆ. ನಿನ್ನಿಂದ ನನಗೆ ಹೆಸರೇ ಇಲ್ಲ. ಎಲ್ಲಾ ಹಾಳು ಮಾಡಿದೆ. ನಾನು ನಿನ್ನ ದ್ವೇಷಿಸ್ತೀನಿ. ದೊಡ್ಡವಳಾದ ಮೇಲೆ ಎಡಿನ್‌ಬರೋಗೆ ಹೋಗೇ ಹೋಗ್ತೀನಿ, ನಿನ್ನ ಮುಖಾನೂ ನೋಡಲ್ಲ!"

"ಹೋಗುವೆಯಂತೆ," ಎಂದೆ. "ದೊಡ್ಡವಳಾದ ಮೇಲೆ."

ಇಳಿದು ಬರುವಾಗ ಮುಂದೆ ಮುಂದೆ ನಡೆದಳು, ಕೈ ಹಿಡಿಯಗೊಡಲಿಲ್ಲ. ಗಂಜಿಗೆ ಉಪ್ಪಿಲ್ಲವೆಂದು ಬೈದಳು, ಹಾಸಿಗೆ ಚುಚ್ಚುತ್ತದೆಂದು ಬೈದಳು, ಬೀನಿಯ ಗೊರಕೆಗೂ ನನ್ನನ್ನೇ ಬೈದಳು. ಈಗ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಬಾಯಿಗೆ ಬಂದದ್ದೆಲ್ಲ ಅನ್ನಲಿ. ಅನ್ನುವುದಕ್ಕಾದರೂ ಇಲ್ಲೇ ಇದ್ದಾಳೆ.